ಧೋತರದ ಆ ತುದಿ

ನಮ್ಮ ಕಡೆ ಮಂಜಿಗೆ ಕಾವಳ ಅನ್ನುತ್ತೇವೆ. ಕಾವಳ ಬಿದ್ದ ಬೆಳಗಿನಲ್ಲಿ ನನ್ನನ್ನು ಮನೆಯೊಳಗೆ ಹಿಡಿದು ಕೂರಿಸುವುದು ಯಾರಿಂದಲೂ ಆಗಿಲ್ಲ, ಅರವತ್ತರ ಹತ್ತಿರ ಬಂದ ಮೇಲೆ ಇನ್ನು ಆಗುವುದೂ ಇಲ್ಲ. ತಲೆಗೆ ಸೆರಗು ಬಿಗಿದು, ಮೇಲೊಂದು ಶಾಲು ಹೊದ್ದು, ಬಾಗಿಲ ಸಪ್ಪಳವಾಗದ ಹಾಗೆ ಹೊರಬೀಳುತ್ತೇನೆ. ಕೆಮ್ಮು ಹತ್ತಿದರೆ ನೋಡುವವರು ಯಾರು ಎಂದು ಸೊಸೆ ಬೈಯುತ್ತಾಳೆ. ಅವಳ ಮಾತಿನಲ್ಲಿ ತಪ್ಪಿಲ್ಲ, ನಾನು ಕೇಳುವುದಿಲ್ಲ ಅಷ್ಟೆ. ಮುಧೋಳದಿಂದ ರನ್ನ ಬೆಳಗಲಿಯ ಕಡೆ ಹೋಗುವ ರಸ್ತೆಯ ಎರಡೂ ಬದಿಗೆ ಈಗ ಬರೀ ಕಬ್ಬು. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರೊಂದು ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು ಬರುತ್ತದೆ, ಮಗ್ಗುಲಲ್ಲೇ ಹಾಯ್ದು ಹೋಗುತ್ತದೆ, ನಾಲ್ಕು ಮಾರು ಆಚೆಗೆ ಹಾಡು ಕತ್ತು ಹಿಸುಕಿದಂತೆ ನಿಂತುಬಿಡುತ್ತದೆ. ಆಮೇಲೆ ಕಬ್ಬಿನ ಎಲೆಯಿಂದ ಹನಿ ಉದುರುವ ಸಪ್ಪಳ ಬಿಟ್ಟರೆ ಏನೂ ಇಲ್ಲ. ಬೇಲಿಯ ಮೇಲಿನ ಜೇಡರ ಬಲೆಗಳು ಬೆಳ್ಳಗೆ ತೂಗುತ್ತಿರುತ್ತವೆ. ಗಿಡಗಳು ಒಂದೊಂದಾಗಿ ಎದುರಿಗೆ ಬಂದು ನಿಂತು, ಹಿಂದಕ್ಕೆ ಸರಿದು ಹೋಗುತ್ತವೆ. ಆಗ ನನಗೆ ಆಗುವ ಸುಖವನ್ನು ಬೇರೆ ಯಾವುದೂ ಕೊಟ್ಟಿಲ್ಲ. ಜೊತೆಗೇ ಬೆನ್ನಹುರಿಯಲ್ಲಿ ಒಂದು ಅಂಜಿಕೆಯೂ ಏಳುತ್ತದೆ. ಚಿಕ್ಕಂದಿನಿಂದಲೂ ನನಗೆ ಅವೆರಡೂ ಬೇರೆಬೇರೆಯಾಗಿ ಬಂದದ್ದೇ ಇಲ್ಲ.

ನಾನು ಹುಟ್ಟಿದ ಮನೆ ಇದೇ ರಸ್ತೆಯಿಂದ ಒಂದು ಹರದಾರಿ ಒಳಗಿನ ಹಳ್ಳಿಯಲ್ಲಿತ್ತು. ಮಣ್ಣಿನ ಮಾಳಿಗೆ. ಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದರ ಮೇಲೆ ಎರಡು ಮೆಟ್ಟಿಲೇರಿದರೆ ಪಡಸಾಲೆ, ಅದರ ಹಿಂದೆ ಹಗಲಿನಲ್ಲೂ ದೀಪ ಬೇಕಾಗುವ ಅಡಿಗೆಮನೆ. ಆ ಅಡಿಗೆಮನೆಯಲ್ಲಿ ಎರಡು ಒಲೆ. ಒಂದು ನನ್ನ ಅವ್ವ ಶಾಂತವ್ವನದು, ಇನ್ನೊಂದು ಅಪ್ಪನ ಅಕ್ಕ ಗೌರವ್ವನದು. ಗೌರವ್ವತ್ತಿಯನ್ನು ಎರಡನೆಯ ಸಂಬಂಧಕ್ಕೆ ಕೊಟ್ಟಿದ್ದರು. ಮೊದಲನೆಯವಳಿರುವ ಮನೆಯಲ್ಲಿ ನಾಲ್ಕು ವರ್ಷ ಬಾಳಿ, ಒಂದು ದಿನ ತಲೆಯ ಮೇಲೆ ಟ್ರಂಕು ಹೊತ್ತುಕೊಂಡು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಅವಳಿಗೂ ಅವ್ವನಿಗೂ ಮಾತಿರಲಿಲ್ಲ. ಹಾಲಿನ ಗಡಿಗೆಯೊಂದು ಒಡೆದದ್ದರಿಂದ ಶುರುವಾದ ಜಗಳವಂತೆ. ಯಾರು ಒಡೆದರೆಂಬುದು ಇಬ್ಬರಿಗೂ ಮರೆತುಹೋಗಿದ್ದರೂ ಮಾತು ಮಾತ್ರ ತಿರುಗಿ ಬರಲಿಲ್ಲ. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಪಲ್ಯ ಮಾಡುವಳು, ನಡುವೆ ಉಪ್ಪು ಬೇಕಾದರೆ ನನ್ನನ್ನು ಕೂಗುವರು. ಒಂದೇ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಕೂತು, ಇಬ್ಬರೂ ನನ್ನ ಮೂಲಕ ಮಾತಾಡುವರು.

"ಮಾದೀ, ನಿಮ್ಮ ಅತ್ತೀನ್ನ ಕೇಳು, ಹಿಂಡಿ ಮುಗದೈತೇನಂತ."

"ಮಾದೀ, ನಿಮ್ಮ ಅವ್ವಗ ಹೇಳು, ಕಣ್ಣಿದ್ದಾರ ನೋಡ್ಕೋಬೇಕಂತ."

ಒಂಬತ್ತು ವರ್ಷದ ನಾನು ಎರಡೂ ಮಾತನ್ನು ಒಂದಿಷ್ಟು ಮೆತ್ತಗೆ ಮಾಡಿ ದಾಟಿಸುತ್ತಿದ್ದೆ. ಇವತ್ತಿಗೂ ಮನೆಯಲ್ಲಿ ಯಾರಿಗಾದರೂ ಜಗಳವಾದರೆ ನನ್ನನ್ನೇ ನಡುವೆ ಕೂರಿಸುತ್ತಾರೆ. ನಾನು ಜಾಣೆ ಅಂತ ಅವರು ತಿಳಿದಿದ್ದಾರೆ, ನನಗೆ ಬೇರೆ ಕೆಲಸ ಬರುವುದಿಲ್ಲ ಅಂತ ನನಗೆ ಗೊತ್ತು.

ಮನೆಯ ಯಜಮಾನಿಕೆ ಅಪ್ಪನ ತಾಯಿಯದು. ಆಯಿ ಅನ್ನುತ್ತಿದ್ದೆವು. ಸುತ್ತಲಿನ ಹಳ್ಳಿಗಳಿಗೆಲ್ಲ ಆಯಿ ಗೊತ್ತಿದ್ದದ್ದು ಕಡಲೆ ಹುಳಿಯಿಂದ. ಪುಷ್ಯ ಮಾಸದ ಚಳಿಗೆ ಕಡಲೆ ಗಿಡದ ಎಲೆಯ ಮೇಲೆ ಹುಳಿ ಏಳುತ್ತದೆ. ನಸುಕಿನಲ್ಲಿ ಅದು ಇಬ್ಬನಿಯ ಜೊತೆ ಕೂಡಿ ಹನಿಯಾಗಿ ನಿಂತಿರುವಾಗ, ಇಬ್ಬರು ಒಂದು ತೆಳು ಧೋತರದ ಎರಡು ತುದಿ ಹಿಡಿದು ಗಿಡಗಳ ನೆತ್ತಿ ಸವರಿಕೊಂಡು ಹೋಗಬೇಕು. ಬಟ್ಟೆ ತೊಯ್ದ ಮೇಲೆ ಪಿಂಗಾಣಿ ಭರಣಿಯಲ್ಲಿ ಹಿಂಡಬೇಕು. ಹೊಟ್ಟೆನೋವಿಗೆ, ಅಜೀರ್ಣಕ್ಕೆ, ಹೊಟ್ಟೆಯುಬ್ಬರಿಸಿದ ಎತ್ತಿಗೆ, ಎಲ್ಲದಕ್ಕೂ ಜನ ಸಣ್ಣ ಬಾಟಲಿ ಹಿಡಿದು ಆಯಿಯ ಹತ್ತಿರ ಬರುತ್ತಿದ್ದರು. ಕಾವಳ ದಟ್ಟವಾಗಿ ಬಿದ್ದರೆ ಕಡಲೆಯ ಹೂ ಉದುರುತ್ತದೆಂದು ಅಪ್ಪ ಮುಖ ಗಂಟಿಕ್ಕುತ್ತಿದ್ದ. ಆಯಿ ಮಾತ್ರ ಹಬ್ಬ ಬಂದವಳಂತೆ ಎಲ್ಲರನ್ನೂ ಎಬ್ಬಿಸುವಳು. ಆ ಕೆಲಸಕ್ಕೆ ಅವಳದೇ ಕಟ್ಟಳೆಗಳಿದ್ದವು. ಹುಳಿ ಎಳೆಯುವವರು ಬಾಯಿಗೆ ಏನೂ ಹಾಕಿರಬಾರದು. ಧೋತರ ತೀರಿಕೊಂಡ ಅಜ್ಜನದೇ, ನಮ್ಮ ಮುತ್ಯಾನದೇ ಆಗಬೇಕು. ಸಾಲಿಗೆ ಇಳಿದ ಮೇಲೆ ಯಾರೂ ತುಟಿ ಪಿಟ್ಟೆನ್ನಬಾರದು.

"ಮಾತಾಡಿದ್ರ ಹುಳಿ ಎಲಿ ಬಿಟ್ಟು ನೆಲಕ್ಕ ಇಳೀತೈತಿ. ಅದೂ ಅಲ್ದ, ಕಾವಳದಾಗ ನಿಮ್ಮ ಮುತ್ಯಾ ಬದು ನೋಡಾಕ ಬರ್ತಾನ. ಅವಂಗ ಗದ್ದಲ ಆಗೂದಿಲ್ಲ."

ಇದನ್ನು ಆಯಿ ಹೆದರಿಸಲು ಹೇಳುತ್ತಿರಲಿಲ್ಲ. ಗಂಡ ಸಂತೆಗೆ ಹೋಗಿದ್ದಾನೆ, ಬರುತ್ತಾನೆ ಅನ್ನುವಷ್ಟು ಸಹಜವಾಗಿ ಹೇಳುತ್ತಿದ್ದಳು. ಅದಕ್ಕೇ ನಾನು ಪೂರ್ತಿ ನಂಬಿದ್ದೆ. ಧೋತರ ಉದ್ದ ಹಿಡಿದರೆ ಕಾವಳದಲ್ಲಿ ಆ ತುದಿಯವರು ಕಾಣುತ್ತಲೇ ಇರಲಿಲ್ಲ. ಬಟ್ಟೆ ನನ್ನ ಕೈಯಿಂದ ಹೊರಟು, ಮೂರು ಮೊಳ ಹಳದಿಯಾಗಿ, ಇನ್ನೆರಡು ಮೊಳ ಬೂದಿಯಾಗಿ, ಆಮೇಲೆ ಏನೂ ಇಲ್ಲದ್ದರಲ್ಲಿ ಹೋಗಿ ಸೇರುತ್ತಿತ್ತು. ಆ ಕಡೆ ಅವ್ವ ಇದ್ದಾಳೆಂಬುದು ಎಳೆತದಿಂದ ಮಾತ್ರ ಗೊತ್ತು. ಅವ್ವ ಎತ್ತರದ ಹೆಂಗಸು. ಅವಳ ತುದಿ ಮೇಲಿರುತ್ತಿದ್ದುದರಿಂದ ಹುಳಿಯೆಲ್ಲ ನನ್ನ ಕಡೆಗೇ ಹರಿದು, ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿದು, ಚಳಿಗೆ ಒಡೆದ ಚರ್ಮದಲ್ಲಿ ಚುರುಗುಟ್ಟುತ್ತಿತ್ತು. ಉರಿಯುತ್ತಿದ್ದರೂ ನನಗೆ ಅದು ಬೇಕೆನಿಸುತ್ತಿತ್ತು, ಯಾಕೆಂದರೆ ಅವ್ವ ಇದ್ದಾಳೆ ಅನ್ನುವುದಕ್ಕೆ ಅದೇ ಗುರುತು.

ಆ ವರ್ಷದ ಚಳಿಗಾಲದಲ್ಲಿ ಮನೆಯ ಗಾಳಿ ಬೇರೆಯಾಗಿತ್ತು. ನನ್ನ ಹಿಂದೆ ಅವ್ವನಿಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಮನೆಗೆ ಗಂಡು ಬೇಕು ಅಂತ ಆಯಿ ಪಟ್ಟು ಹಿಡಿದಳು. ಹೊರಗಿನವಳು ಬಂದರೆ ಶಾಂತವ್ವನ ಗತಿ ಏನು, ಅವಳ ತಂಗಿಯನ್ನೇ ತಂದರೆ ಅಕ್ಕತಂಗಿ ಹೊಂದಿಕೊಂಡು ಹೋಗುತ್ತಾರೆ ಅನ್ನುವುದು ಅವಳ ಲೆಕ್ಕಾಚಾರ. ಆಯಿ ಕೆಟ್ಟವಳಲ್ಲ, ಇದನ್ನು ದೊಡ್ಡ ಉಪಕಾರವೆಂದೇ ತಿಳಿದಿದ್ದಳು. ಬೀಳಗಿಯಲ್ಲಿದ್ದ ಅವ್ವನ ಅಪ್ಪನೂ ಮಗಳ ಮನೆ ಉಳಿಯಲಿ ಅಂತ ಒಪ್ಪಿಬಿಟ್ಟಿದ್ದ. ತಂಗಿ ನೀಲವ್ವನಿಗೆ ಆಗ ಹದಿನೈದು. ಶಾಲೆಯಲ್ಲಿ ಚುರುಕು, ರಜೆಗೆ ನಮ್ಮಲ್ಲಿಗೆ ಬಂದರೆ ನನಗೆ ಮಗ್ಗಿ ಕಲಿಸಿ ಕಿವಿ ಹಿಂಡುತ್ತಿದ್ದವಳು. ಅವಳನ್ನು ಯಾರೂ ಕೇಳಲಿಲ್ಲ. ಅವ್ವನನ್ನೂ ಕೇಳಲಿಲ್ಲ. ಸಂಕ್ರಮಣಕ್ಕೆ ಎರಡು ದಿನ ಇರುವಾಗ ಅಪ್ಪ ಮತ್ತು ಇಬ್ಬರು ಹಿರಿಯರು ಒಂಬತ್ತರ ಬಸ್ಸಿಗೆ ಬೀಳಗಿಗೆ ಹೋಗಿ, ಸೀರೆ ಸಕ್ಕರೆ ಕೊಟ್ಟು ಮಾತು ಗಟ್ಟಿ ಮಾಡಿ ಬರುವುದೆಂದು ಗೊತ್ತಾಯಿತು. ಹಿಂದಿನ ಸಂಜೆ ಅವ್ವ ಸಜ್ಜೆ ರೊಟ್ಟಿ ತಟ್ಟುತ್ತಾ ಎಳ್ಳು ಉದುರಿಸುತ್ತಿದ್ದಳು. ಎದುರಿನ ಒಲೆಯಲ್ಲಿ ಗೌರವ್ವತ್ತಿ ಪುಂಡಿಪಲ್ಯ ಮಗುಚುತ್ತಿದ್ದಳು. ಅವತ್ತು ಇಬ್ಬರೂ ನನ್ನನ್ನು ಒಂದು ಸಲವೂ ಕೂಗಲಿಲ್ಲ. ಅದು ನನಗೆ ವಿಚಿತ್ರವೆನಿಸಿತ್ತು.

ಮರುದಿನ ಕಣ್ಣು ಬಿಟ್ಟಾಗ ಬೆಳಕಿಂಡಿಯಿಂದ ಕಾವಳ ಒಳಗೆ ಇಳಿಯುತ್ತಿತ್ತು. ಅಷ್ಟು ದಟ್ಟವಾದ ಕಾವಳವನ್ನು ನಾನು ಆಮೇಲೆ ಕಂಡಿಲ್ಲ. ಅಂಗಳದ ಎತ್ತುಗಳು ಕಾಣದೆ ಬರೀ ಅವುಗಳ ಉಸಿರಿನ ಸಪ್ಪಳ ಬರುತ್ತಿತ್ತು. ಆಯಿಗೆ ಸಂಭ್ರಮ.

"ಬೀಗರಿಗೆ ಒಂದ ಬಾಟ್ಲಿ ಹುಳಿ ಒಯ್ಯಾಕ ಆತು. ಏಳ್ರಿ, ಬಿಸಲ ಬೀಳೂದ್ರಾಗ ಮುಗಿಸೂಣು."

ನಾಲ್ಕು ಜನ ಹೊಲಕ್ಕೆ ಹೋದೆವು. ಅಪ್ಪ ಮನೆಯಲ್ಲಿ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಆಯಿ ಈ ಬದುವಿನ ಬನ್ನಿ ಗಿಡದ ಕೆಳಗೆ ಭರಣಿ ಇಟ್ಟುಕೊಂಡು ಕೂತಳು. ಗೌರವ್ವತ್ತಿ ಹೊರಕಡೆ ಹೋಗಿ ಬರುತ್ತೇನೆಂದು ನೀರಿನ ಚೆರಿಗೆ ಹಿಡಿದು ಕಾವಳದಲ್ಲಿ ಮರೆಯಾದಳು. ಅವ್ವ ಧೋತರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಬೆರಳುಗಳನ್ನು ಒಂದೊಂದಾಗಿ ಮಡಚಿ ಹಿಡಿಸಿದಳು. ಹಾಗೆ ಅವಳು ಎಂದೂ ಮಾಡಿರಲಿಲ್ಲ. ನಂತರ ಆ ತುದಿ ಹಿಡಿದು ಹಿಂದೆ ಹಿಂದೆ ಸರಿಯುತ್ತಾ ಹೋದಳು, ಅವಳ ಸೊಂಟ, ಹೆಗಲು, ಮುಖ ಎಲ್ಲವೂ ಅಳಿಸಿಹೋದವು. ಸಾಲು ಹಿಡಿದು ನಡೆದೆವು. ಕಡಲೆಯ ನೇರಳೆ ಹೂ ಒಂದೊಂದರಲ್ಲೂ ಒಂದು ಹನಿ ನಿಂತಿತ್ತು. ಬಟ್ಟೆ ಅವುಗಳ ಮೇಲೆ ಹಾಯುವಾಗ ಸಣ್ಣಗೆ ಸುರ್ ಅನ್ನುತ್ತಿತ್ತು. ಎಲ್ಲೋ ಒಂದು ಗೌಜಲಹಕ್ಕಿ ಕೂಗಿತು, ಅದು ಯಾವ ದಿಕ್ಕೆಂದು ತಿಳಿಯಲಿಲ್ಲ. ಜಗತ್ತಿನಲ್ಲಿ ನಾನು, ಈ ಬಟ್ಟೆ, ನನ್ನ ತೋಳಿನ ಮೇಲೆ ಹರಿಯುವ ಹುಳಿ, ಇಷ್ಟೇ ಉಳಿದಿದ್ದೆವು. ನನಗೆ ಸುಖವಾಗಿತ್ತು. ಆ ಸುಖವನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಚೆಯ ಬದು ಮುಟ್ಟಿ ತಿರುಗಿದೆವು. ತಿರುಗುವಾಗ ನಾನು ನಿಂತಲ್ಲೇ ನಿಲ್ಲಬೇಕು, ಆ ತುದಿಯವರು ದೊಡ್ಡ ಸುತ್ತು ಬರಬೇಕು. ಬಟ್ಟೆ ಒಂದು ಕ್ಷಣ ಸಡಿಲವಾಗಿ, ಮತ್ತೆ ಬಿಗಿಯಿತು. ನಡೆಯತೊಡಗಿದೆ. ಹತ್ತು ಹೆಜ್ಜೆ ಆಗಿರಬಹುದು, ತೋಳಿನ ಮೇಲೆ ಹುಳಿ ಹರಿಯುವುದು ನಿಂತಿದೆ ಅಂತ ಗೊತ್ತಾಯಿತು. ಧೋತರ ಸಮನಾಗಿತ್ತು. ಆ ಕಡೆ ಹಿಡಿದವರು ಗಿಡ್ಡಗಿದ್ದರು. ನಾನು ನಿಂತೆ, ಆ ತುದಿಯೂ ನಿಂತಿತು. ನಡೆದೆ, ಅದೂ ನಡೆಯಿತು. ನಮ್ಮ ಮುತ್ಯಾ ಗಿಡ್ಡ ಆಳೆಂದು ಊರಿಗೆಲ್ಲ ಗೊತ್ತು. ಧೋತರ ಅವನದು, ಹೊಲ ಅವನದು. ಅವ್ವಾ ಅಂತ ಕೂಗಬೇಕೆಂದು ಬಾಯಿ ತೆರೆದೆ, ಕಾವಳ ಒಳಗೆ ಹೋಗಿ ನಾಲಿಗೆ ತಣ್ಣಗಾಯಿತು. ಕೂಗಿದರೆ ಆ ಕಡೆಯಿಂದ ಮುತ್ಯಾನೇ ಓ ಅಂದರೆ? ಬಾಯಿ ಮುಚ್ಚಿಕೊಂಡೆ. ಅಷ್ಟೂ ಸಾಲನ್ನು ಕಣ್ಣು ನೆಲಕ್ಕೆ ನೆಟ್ಟು, ಸತ್ತವನ ಜೊತೆ ಬಟ್ಟೆ ಹಿಡಿದು ನಡೆದೆ. ಆಯಿ ಕೂತ ಬದು ಇನ್ನೂ ಹತ್ತು ಹೆಜ್ಜೆ ಇರುವಾಗ ಆ ತುದಿ ನಿಂತಿತು. ಬಟ್ಟೆ ಸುತ್ತಿಕೊಳ್ಳುತ್ತಾ ಒಂದು ಆಕಾರ ನನ್ನ ಕಡೆ ಬಂತು. ಗೌರವ್ವತ್ತಿ. ಮುತ್ಯಾನ ಮಗಳು, ಅವನಷ್ಟೇ ಎತ್ತರ. ತುಟಿಯ ಮೇಲೆ ಬೆರಳಿಟ್ಟು, ನನ್ನ ಹೆಗಲು ತಿರುಗಿಸಿ ಮತ್ತೆ ಸಾಲಿಗಿಳಿಸಿದಳು. ಹೀಗೆ ಇನ್ನೂ ಎರಡು ಸಾಲು ಹೋಗಿ ಬಂದೆವು. ನಡುವೆ ಮುಧೋಳಕ್ಕೆ ಹೋಗುವ ಮೊದಲ ಬಸ್ಸಿನ ಹಾರ್ನ್ ಕೇಳಿತು, ಕಾವಳದಲ್ಲಿ ಎರಡು ಹಳದಿ ಚುಕ್ಕೆ ನಿಂತು, ಸರಿದು ಹೋದವು. ಆಚೆಯ ಬದುವಿನ ಮೇಲೆ ಯಾರೂ ಇರಲಿಲ್ಲ.

"ಶಾಂತವ್ವ ಎಲ್ಲಿ?" ಆಯಿ ಕೇಳಿದಳು.

"ಹೊರಕಡಿ ಹೋಗ್ಯಾಳ," ಅಂದಳು ಅತ್ತಿ.

ಅರ್ಧ ತಾಸು ಕಾದು ಮನೆಗೆ ಬಂದೆವು. ಮನೆಯಲ್ಲೂ ಅವ್ವ ಇರಲಿಲ್ಲ. ಅಪ್ಪ ಹೊಸ ಅಂಗಿಯಲ್ಲೇ ಬಾವಿಯ ಕಡೆ ಓಡಿದ. ಎಲ್ಲರ ತಲೆಯಲ್ಲಿದ್ದದ್ದೂ ಅದೇ. ಚಳಿಗಾಲದಲ್ಲಿ ಬಾವಿಯ ನೀರು ಬೆಚ್ಚಗಿದ್ದು ಹಬೆ ಬಿಡುತ್ತದೆ. ಆ ಹಬೆ ಮೇಲಿನ ಕಾವಳಕ್ಕೆ ಕೂಡಿ ಬಾವಿಗೆ ತಳವೇ ಇಲ್ಲದಂತೆ ಕಾಣುತ್ತಿತ್ತು. ಹಗ್ಗಕ್ಕೆ ಕೊಕ್ಕೆಗಳ ಪಾತಾಳಗರಡಿ ಕಟ್ಟಿ ಬಿಟ್ಟು ಜಾಲಾಡಿದರು. ಹಗ್ಗ ಭಾರವಾದಾಗಲೆಲ್ಲ ನಿಂತವರೆಲ್ಲ ಬಾವಿಯೊಳಗೆ ಬಗ್ಗುವರು. ಒಮ್ಮೆ ತುಕ್ಕು ಹಿಡಿದ ಬಕೆಟ್ಟು ಬಂತು, ಒಮ್ಮೆ ಕೊಳೆತ ಹಗ್ಗದ ಸಿಂಬಿ ಹೆಂಗಸಿನ ಹೆರಳಿನ ಹಾಗೆ ನೀರು ಸುರಿಸುತ್ತಾ ಮೇಲೆ ಬಂತು. ಆಯಿ ನೆಲಕ್ಕೆ ಕುಸಿದಳು. ನಾನು ಗೌರವ್ವತ್ತಿಯ ಮುಖ ನೋಡಿದೆ. ಅವಳು ನನ್ನ ಮಣಿಕಟ್ಟನ್ನು ಬಳೆ ಮುರಿಯುವಷ್ಟು ಬಿಗಿಯಾಗಿ ಹಿಡಿದು ಕಿವಿಯಲ್ಲಿ ಹೇಳಿದಳು.

"ನಿಮ್ಮ ಅವ್ವ ಬಾವ್ಯಾಗ ಇಲ್ಲ. ಆದ್ರೂ ಅಳು. ಜೋರಲೆ ಅಳು. ಮಾತ ಮಾತ್ರ ಆಡಬ್ಯಾಡ."

ನಾನು ಅತ್ತೆ. ನಾಟಕವೇನೂ ಬೇಕಾಗಿರಲಿಲ್ಲ. ಒಂಬತ್ತರ ಬಸ್ಸು ಹೋಯಿತು, ಹನ್ನೊಂದರದೂ ಹೋಯಿತು, ಗರಡಿ ಇಳಿಯುತ್ತಲೇ ಇತ್ತು. ಬಿಸಿಲು ಬಂದ ಮೇಲೆ ಮುಧೋಳದಿಂದ ಬಂದ ಒಬ್ಬ, ಶಾಂತವ್ವನನ್ನು ಬಸ್ ಸ್ಟ್ಯಾಂಡಿನಲ್ಲಿ ಬೀಳಗಿಯ ಬಸ್ಸು ಹತ್ತುವಾಗ ಕಂಡೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ ಅಂದ. ಅಪ್ಪ ಹಗ್ಗ ಕೈಬಿಟ್ಟು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಅವನ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ. ಸಿಟ್ಟು ಬಂದದ್ದು ಆಮೇಲೆ. ಇದನ್ನು ನಾನು ನೋಡಿದ್ದೇನೆ, ಅವನ ಪರವಾಗಿ ಹೇಳಲು ನನ್ನ ಹತ್ತಿರ ಇರುವುದು ಇದೊಂದೇ.

ಅವ್ವ ತವರಿನ ಹೊಸ್ತಿಲಲ್ಲಿ ಅಡ್ಡ ಮಲಗಿ, ನೀಲಾಳನ್ನು ಕೊಡುವುದಾದರೆ ನನ್ನ ಹೆಣ ದಾಟಿ ಕೊಡಿ ಅಂದಳಂತೆ. ಮೂರು ದಿನ ಎದ್ದಿರಲಿಲ್ಲವಂತೆ. ಸಂಬಂಧ ಮುರಿಯಿತು. ಅವಳು ಹೊರಳಿ ಬರುವ ದಾರಿಯೂ ಮುಚ್ಚಿತು. ಹೇಳದೆ ಹೊಸ್ತಿಲು ದಾಟಿದವಳು ಮತ್ತೆ ದಾಟುವುದು ಬೇಡ ಅಂದ ಅಪ್ಪ. ಎರಡು ವರ್ಷದ ಮೇಲೆ ದೂರದಿಂದ ಬೇರೆ ಹೆಣ್ಣು ತಂದ. ಅವಳೂ ಒಳ್ಳೆಯವಳೇ, ನನಗೆ ತಮ್ಮಂದಿರನ್ನು ಕೊಟ್ಟಳು. ಅವ್ವ ಬನಹಟ್ಟಿಗೆ ಹೋಗಿ ಮಗ್ಗದವರಲ್ಲಿ ನೂಲಿನ ಕಂಡಿಕೆ ಸುತ್ತುವ ಕೆಲಸಕ್ಕೆ ಸೇರಿದಳು, ತಂಗಿಯನ್ನು ಕರೆಸಿಕೊಂಡು ಓದಿಸಿದಳು. ನೀಲವ್ವ ಶಾಲೆಯ ಟೀಚರಾದಳು. ನನ್ನನ್ನು ಬೆಳೆಸಿದ್ದು ಗೌರವ್ವತ್ತಿ. ವರ್ಷಕ್ಕೆರಡು ಸಲ, ಜಮಖಂಡಿಗೆ ಹೋಗಿ ಬರುತ್ತೇವೆಂದು ಮನೆಯಲ್ಲಿ ಸುಳ್ಳು ಹೇಳಿ, ನನ್ನನ್ನು ಬನಹಟ್ಟಿಯಲ್ಲಿ ಇಳಿಸುತ್ತಿದ್ದಳು. ಅಲ್ಲಿ ಅವ್ವನೂ ಅತ್ತಿಯೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಉಪ್ಪು ಬೇಕಾದರೆ ಮಾತ್ರ ಹಳೆಯ ರೂಢಿಗೆ ನನ್ನ ಮುಖ ನೋಡುವರು. ಆ ಬೆಳಗಿನ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಗೌರವ್ವತ್ತಿ ಬಿಡದೆಯೇ ತೀರಿಕೊಂಡಳು.

ಹೋದ ಚಳಿಗಾಲದಲ್ಲಿ ನಾಲ್ಕು ದಿನ ಬನಹಟ್ಟಿಯಲ್ಲಿದ್ದೆ. ಅವ್ವನಿಗೆ ಎಂಬತ್ತರ ಹತ್ತಿರ, ನೀಲವ್ವನೂ ರಿಟೈರಾಗಿ ಅಕ್ಕನ ಜೊತೆಗೇ ಇದ್ದಾಳೆ. ಒಂದು ಬೆಳಗ್ಗೆ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತಿದ್ದವು. ನಾನೂ ಅವ್ವನೂ ಹೊರಗಿನ ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿದ್ದೆವು. ಕಾವಳದಲ್ಲಿ ಎದುರುಮನೆ ಕಾಣುತ್ತಿರಲಿಲ್ಲ, ಅಲ್ಲಿಂದ ಯಾರೋ ಕೆಮ್ಮಿದ್ದು ಮಾತ್ರ ಕೇಳಿತು. ಅವ್ವ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಮಾದೀ, ಅವತ್ತ ಧೋತರ ಹಿಡಿದಾವ್ರು ಬದ್ಲಾದದ್ದು ನಿನಗ ಗೊತ್ತಾಗಿತ್ತಿಲ್ಲೋ?"

ನಾನು ಅವಳ ಕಡೆ ನೋಡಿದೆ. ಅವಳು ಕಾವಳವನ್ನೇ ನೋಡುತ್ತಿದ್ದಳು.

"ನಾ ಬದುವಿನ ಮ್ಯಾಲಽ ನಿಂತಿದ್ದೆ. ನೀ ಆಯಿ ಕಡಿ ಮುಟ್ಟೂತನಾ ನಿಂತಿದ್ದೆ, ಕಿವಿ ಕೊಟ್ಟು. ಒಮ್ಮಿ ಅವ್ವಾ ಅಂದ್ರ ಸಾಕು, ಹೊಳ್ಳಿ ಬಂದಬಿಡ್ತೀನಿ, ನೀಲಾನ ನಸೀಬ ಹೆಂಗ ಐತಿ ಹಂಗಾಗ್ಲಿ, ಅಂತ ಅನ್ಕೊಂಡಿದ್ದೆ. ಖರೆ ಹೇಳ್ತೀನಿ, ನೀ ಕರೀಲಿ ಅಂತಽ ನಿಂತಿದ್ದೆ. ನೀ ಕರೀಲಿಲ್ಲ. ನನ್ನ ಮಗಳಿಗೆ ಎಲ್ಲಾ ತಿಳದೈತಿ, ಹೋಗು ಅನ್ನಾಕತ್ತಾಳ ಅಂತ ನಡದೆ."

ಚಹಾದ ಲೋಟ ನನ್ನ ಕೈಯಲ್ಲಿ ಬಿಸಿಯಾಗಿತ್ತು. ಐವತ್ತು ವರ್ಷ ಅವಳು ಅದನ್ನು ಎದೆಯಲ್ಲಿಟ್ಟುಕೊಂಡು ಬದುಕಿದ್ದಳು. ಮಗಳೇ ಕಳಿಸಿದಳು ಅಂತ. ಬಾಗಿಲಿನೊಳಗೆ ನೀಲವ್ವ ಮೊಮ್ಮಗನಿಗೆ ಫೋನಿನಲ್ಲಿ ಮಗ್ಗಿ ಹೇಳಿಕೊಡುತ್ತಿದ್ದಳು, ತಪ್ಪಿದಾಗಲೆಲ್ಲ ನಗುತ್ತಿದ್ದಳು.

"ಹೂಂ ಬೇ ಅವ್ವ," ಅಂದೆ. "ಗೊತ್ತಾಗಿತ್ತು. ಹೋಗ್ಲಿ ಅಂತಽ ಸುಮ್ಮಕಿದ್ದೆ."

ಅವ್ವ ನಿಧಾನವಾಗಿ ತಲೆಯಾಡಿಸಿದಳು, ನನ್ನ ತೊಡೆಯ ಮೇಲೆ ಕೈಯಿಟ್ಟಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಎಂದೂ ಕಂಡಿರಲಿಲ್ಲ.

"ನೀಲಾ, ಕೇಳಿದಿ?" ಒಳಗಿನವಳಿಗೆ ಕೂಗಿ ಹೇಳಿದಳು. "ಇಕಿ ಅವತ್ತ ತಿಳದಽ ಸುಮ್ಮಕಿದ್ಲಂತ. ಒಂಬತ್ತ ವರ್ಷದ ಹುಡುಗಿ!"

ನೀಲವ್ವ ಫೋನು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಕಣ್ಣು ತುಂಬಿಕೊಂಡು ನನ್ನನ್ನೇ ನೋಡಿದಳು. ನಾನು ಆ ಕಣ್ಣನ್ನು ಎದುರಿಸಲಾರದೆ ಚಹಾ ಕುಡಿದೆ. ಆ ಬೆಳಗ್ಗೆ ಅವ್ವ ಹೋಗುತ್ತಿದ್ದಾಳೆಂದು ನನಗೆ ಗೊತ್ತಾಗಿದ್ದರೆ, ಊರೆಲ್ಲ ಎದ್ದು ಬರುವ ಹಾಗೆ ನಾನು ಅವಳನ್ನು ಕರೆಯುತ್ತಿದ್ದೆ.